ಅಪ್ಪನ ಮಣ್ಣಿನ ಖರ್ಚಿಗೆ ಸರ್ಕಾರದಿಂದ ಏನಾದರೂ ಸಿಗುತ್ತದಾ? (ಹಾಸನ)

ಹಗರೆ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಹಗರೆ ಹತ್ತಿರದ ಒಂದು ಹಳ್ಳಿ, ಬೇಲೂರು ತಾಲ್ಲೂಕು. ನಾನು ದಿನಾ ಬಸ್ಸಿನಲ್ಲಿ ಹಾಸನಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ನಮ್ಮಪ್ಪ ತೀರಿಕೊಂಡು ಇವತ್ತಿಗೆ 18 ದಿನ. ವಯಸ್ಸು 53. ಗಾರೆ ಕೆಲಸ ಮಾಡುತ್ತಿದ್ದರು.

ಹಾಸನದಲ್ಲೇ ಒಂದು ಮನೆ ಕಟ್ಟುವ ಜಾಗದಲ್ಲಿ ಸಾರ್ವೆಯಿಂದ ಇಳಿದು, ಎದೆ ಹಿಡಿದುಕೊಂಡಿದೆ ಅಂತ ಮರಳಿನ ಗುಡ್ಡೆ ಮೇಲೆ ಕೂತರಂತೆ. ಜೊತೆಯವರು ಆಟೋದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಎರಡು ದಿನ ಇದ್ದರು. ಮೂರನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿಬಿಟ್ಟರು.

ಬಿಲ್ಲು 62,000 ಆಗಿತ್ತು. 30,000 ಕಟ್ಟಿದ್ದೆವು. ಬಾಕಿ 32,000 ಕಟ್ಟದೆ ಬಾಡಿ ಕೊಡುವುದಿಲ್ಲ ಅಂದರು. ಆ ಹೊತ್ತಿನಲ್ಲಿ ಯಾರ ಹತ್ತಿರ ಅಂತ ಹೋಗುವುದು? ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಒಂದು ಕಿವಿಯ ತಿರುಪು ಬಿಗಿಯಾಗಿತ್ತು, ಬರಲಿಲ್ಲ. ನಾನೇ ಸೋಪು ಹಚ್ಚಿ ಬಿಚ್ಚಿದೆ. ಗಿರವಿ ಅಂಗಡಿ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಅಲ್ಲಿಯವರೆಗೂ ಅಪ್ಪ ಒಳಗೆ, ನಾವು ಹೊರಗೆ.

108ಕ್ಕೆ ಫೋನ್ ಮಾಡಿದೆ. ಅದು ಜೀವ ಇರುವವರಿಗೆ ಮಾತ್ರ ಅಂದರು. ಬೇರೆ ಆಂಬುಲೆನ್ಸಿಗೆ 3,000. ಊರಿಗೆ ಬಂದಾಗ ಮಧ್ಯಾಹ್ನ. ಜಡಿಮಳೆ ಬೇರೆ. ಗುಂಡಿ ತೆಗೆದ ಹುಡುಗರು ಒಂದು ರೂಪಾಯಿ ಮುಟ್ಟಲಿಲ್ಲ, ಅವರನ್ನು ಸಾಯೋವರೆಗೂ ಮರೆಯುವುದಿಲ್ಲ. ಬಟ್ಟೆ, ಹೂವು, ತಮಟೆಯವರು, ಬಂದವರಿಗೆ ಊಟ, ಮೂರನೇ ದಿನದ ಹಾಲುತುಪ್ಪ, ಎಲ್ಲ ಸೇರಿ 14,000 ಆಯಿತು. ಹನ್ನೊಂದನೇ ದಿನ ತಿಥಿ. ಸಿಂಪಲ್ಲಾಗಿ ಮಾಡೋಣ ಅಂದೆ. ದೊಡ್ಡಪ್ಪ, ಸೋದರತ್ತೆ ಎಲ್ಲ "ನಿಮ್ಮಪ್ಪ ಎಷ್ಟು ಮನೆಗೆ ಹೋಗಿ ಉಂಡಿದ್ದಾನೆ, ಊರಿಗೆ ಅನ್ನ ಹಾಕದೆ ಇದ್ದರೆ ಹೇಗೆ" ಅಂದರು. ಅದಕ್ಕೆ 48,000. ಸ್ವಲ್ಪ ಸಂಘದ ಸಾಲ, ಉಳಿದದ್ದು ನೂರಕ್ಕೆ ಐದು ರೂಪಾಯಿ ಬಡ್ಡಿ.

ತಿಥಿಗೆ ಬಂದಿದ್ದ ಒಬ್ಬರು, ಬಿಪಿಎಲ್ ಕಾರ್ಡು ಇರುವವರಿಗೆ ಶವ ಸಂಸ್ಕಾರಕ್ಕೆ ಸರ್ಕಾರ 5,000 ಕೊಡುತ್ತದೆ ಅಂದರು. ನಮಗೆ ಬಿಪಿಎಲ್ ಕಾರ್ಡಿದೆ. ಕೇಳೋಣ ಅಂತ ಪಂಚಾಯಿತಿಗೆ ಎರಡು ಸಲ ಹೋದೆ. ಮೊದಲು ಮರಣ ಪ್ರಮಾಣಪತ್ರ ತನ್ನಿ ಅಂದರು. ಅದನ್ನು ಮಾಡಿಕೊಡಿ ಅಂದರೆ ನಮ್ಮಲ್ಲಿ ಆಗುವುದಿಲ್ಲ ಅನ್ನುತ್ತಾರೆ. ಸುಮ್ನೆ ಅರ್ಧ ದಿನದ ಸಂಬಳ ಹೋಗುತ್ತಿದೆ.

ಅಪ್ಪನ ಹೆಸರು ಆಧಾರಿನಲ್ಲಿ "ಯ್ಯ" ಅಂತ ಮುಗಿಯುತ್ತದೆ, ರೇಷನ್ ಕಾರ್ಡಿನಲ್ಲಿ "ಪ್ಪ" ಅಂತ ಇದೆ. ಇದರಿಂದ ತೊಂದರೆ ಆಗುತ್ತದಾ? ನನಗೆ ಇಎಸ್ಐ ಇದೆ, ಅದರಲ್ಲಿ ಅಪ್ಪನಿಗೆ ಏನಾದರೂ ಬರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ. ಅಮ್ಮನ ಓಲೆ ಬಿಡಿಸಿಕೊಡಬೇಕು, ಅಷ್ಟೇ ನನ್ನ ಆಸೆ.

ಅರಕಲಗೂಡು ಗ್ರಾಮ ಒನ್:

ತಂಗಿ, ಮೊದಲು ಒಂದು ಕೆಲಸ ಮಾಡು. ನಾಳೆಯೇ ಮಾಡು, ಬಿಡಬೇಡ. ಸಾವನ್ನು ನೋಂದಾಯಿಸುವುದು ಸತ್ತ ಜಾಗದಲ್ಲಿ, ಸ್ವಂತ ಊರಿನಲ್ಲಿ ಅಲ್ಲ. ನಿಮ್ಮಪ್ಪ ಹೋಗಿದ್ದು ಹಾಸನದ ಆಸ್ಪತ್ರೆಯಲ್ಲಿ. ಅದಕ್ಕೇ ನಿಮ್ಮ ಪಂಚಾಯಿತಿಯಲ್ಲಿ ಆಗುವುದಿಲ್ಲ ಅಂದಿದ್ದು. ಆ ಒಂದು ಮಾತನ್ನು ಬಿಡಿಸಿ ಹೇಳಿದ್ದರೆ ನಿನಗೆ ಎರಡು ಸಲದ ಓಡಾಟ ತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ಸಾವಾದರೆ ಜನನ ಮರಣ ನೋಂದಣಾಧಿಕಾರಿಗೆ ತಿಳಿಸಬೇಕಾದವರು ಆಸ್ಪತ್ರೆಯವರೇ. ನೀನು ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ, ಕಳಿಸಿದ್ದೀರಾ, ಯಾವ ತಾರೀಕು, ಹೆಸರು ಹೇಗೆ ಬರೆದಿದ್ದೀರಿ ಅಂತ ಕೇಳು. 21 ದಿನದೊಳಗೆ ಆದರೆ ಏನೂ ಖರ್ಚಿಲ್ಲ. ದಾಟಿದರೆ 30 ದಿನದವರೆಗೆ ದಂಡ ಕಟ್ಟಿ ಆಗುತ್ತದೆ. ಅದಾದ ಮೇಲೆ ಮೇಲಿನವರ ಅನುಮತಿ ಅಂತ ಶುರುವಾಗುತ್ತದೆ. ನಿನಗೆ ಇನ್ನೂ ಮೂರು ದಿನ ಇದೆ.

ಹೆಸರು ಆಧಾರಿನಲ್ಲಿ ಇರುವ ಹಾಗೇ ಬರಲಿ. ಪತ್ರ ಕೈಗೆ ಬಂದ ಮೇಲೆ ಅಕ್ಷರ ತಿದ್ದಿಸುವುದು ಹೊಸದಾಗಿ ಮಾಡಿಸುವುದಕ್ಕಿಂತ ಜಾಸ್ತಿ ಕಷ್ಟ. ನನ್ನ ಸೆಂಟರಿಗೆ ಬರುವ ಸಾವಿನ ಅರ್ಜಿಗಳಲ್ಲಿ ತಿರುಗಿ ಬರುವುದು ಹೆಚ್ಚು ಇದೇ "ಯ್ಯ", "ಪ್ಪ", "ಗೌಡ" ಸೇರಿದ್ದು, ಬಿಟ್ಟಿದ್ದು, ಇಂಥದ್ದಕ್ಕೇ. ರೇಷನ್ ಕಾರ್ಡಿನದು ಬೇರೆ ಥರ ಇದ್ದರೆ ಇಬ್ಬರೂ ಒಬ್ಬರೇ ಅಂತ ಒಂದು ಅಫಿಡವಿಟ್ಟು ಮಾಡಿಸಿ ಇಟ್ಟುಕೋ. ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸು. ಒಂದೊಂದು ಕಡೆ ಒಂದೊಂದು ಕೇಳುತ್ತಾರೆ.

ಈಗ 5,000ದ ವಿಷಯ. ಅದು ಅಂತ್ಯ ಸಂಸ್ಕಾರ ಸಹಾಯನಿಧಿ. ಕಂದಾಯ ಇಲಾಖೆಯದು, ಬಿಪಿಎಲ್ ಕುಟುಂಬಕ್ಕೆ. ಮೊದಲು 1,000 ಇತ್ತು, ಆಮೇಲೆ 5,000 ಮಾಡಿದರು. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಅಲ್ಲೇ ಕೇಳು. ಊಟದ್ದೋ ಹೂವಿನದೋ ರಸೀದಿ ಕೇಳುವುದಿಲ್ಲ. ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ಅಮ್ಮನ ಪಾಸ್‌ಬುಕ್ ತೆಗೆದುಕೊಂಡು ಹೋಗು. ದುಡ್ಡು ಬೇಗ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಅನುದಾನ ಇದ್ದಾಗ ಬರುತ್ತದೆ, ಇಲ್ಲದಾಗ ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ. ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. ಹೆಣ ಮನೆ ಮುಂದೆ ಇರುವಾಗ ಕೈಗೆ ಸಿಗಬೇಕಾದ ದುಡ್ಡು ಅದು. ಅವತ್ತು ಸಂಜೆ 5,000 ಸಿಕ್ಕಿದರೆ ಒಂದು ಮನೆ ಬಡ್ಡಿ ಸಾಲಕ್ಕೆ ಹೋಗುವುದು ತಪ್ಪುತ್ತದೆ. ಮೂರು ತಿಂಗಳು ಬಿಟ್ಟು ಬಂದರೆ ಬಡ್ಡಿಗೇ ಹೋಗುತ್ತದೆ.

ಹಾಗಂತ ಅದೊಂದಕ್ಕೇ ನಿಲ್ಲಬೇಡ. ನಿಮ್ಮಪ್ಪನಿಗೆ 53. ಮನೆ ನಡೆಸುತ್ತಿದ್ದವರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಬಿಪಿಎಲ್ ಕುಟುಂಬಕ್ಕೆ ಒಂದೇ ಸಲಕ್ಕೆ 20,000 ಬರುತ್ತದೆ. ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆ ಅಂತ, ಕೇಂದ್ರದ್ದು. ಇದಕ್ಕೆ ಸಾವು ಸಹಜವೋ ಅಪಘಾತವೋ ಅಂತ ಭೇದ ಇಲ್ಲ. ಇದನ್ನೂ ನಾಡಕಚೇರಿಯಲ್ಲೇ ಕೇಳು, ಹೆಸರು ಹಿಡಿದು ಕೇಳು. ಅಮ್ಮನಿಗೆ ವಿಧವಾ ವೇತನದ ಅರ್ಜಿಯನ್ನೂ ಅದೇ ದಿನ ಹಾಕಿಸು. ಇನ್ನೊಂದು ಸಲ ಬರೋಣ ಅಂದುಕೊಂಡರೆ ಬರುವುದೇ ಇಲ್ಲ.

ಗಾರೆ ಕೆಲಸ ಅಂದೆಯಲ್ಲ, ಅಪ್ಪನಿಗೆ ಲೇಬರ್ ಕಾರ್ಡು ಇತ್ತಾ? ಕಟ್ಟಡ ಕಾರ್ಮಿಕರ ಮಂಡಳಿಯದು. ಇದ್ದರೆ ಅದೇ ದೊಡ್ಡದು. ಅದರಲ್ಲಿ ಅಂತ್ಯಕ್ರಿಯೆಗೆ ಅಂತಲೇ 4,000 ಇದೆ, ಅದರ ಜೊತೆಗೆ ಪರಿಹಾರದ ದುಡ್ಡು ಬೇರೆ. ಸತ್ತು ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕಾರ್ಡು ಚಾಲ್ತಿಯಲ್ಲಿದೆಯಾ, ನಾಮಿನಿ ಯಾರು ಅಂತ ನೋಡು.

ಇನ್ನು ಅಪ್ಪನ ಬ್ಯಾಂಕ್ ಪಾಸ್‌ಬುಕ್ ಹುಡುಕಿ, ಎಂಟ್ರಿ ಹಾಕಿಸಿ, ಮೇ ಕೊನೆ ಜೂನ್ ಮೊದಲಲ್ಲಿ 436 ರೂಪಾಯಿ ಕಡಿತ ಆಗಿದೆಯಾ ನೋಡು. ಹೌದು, 436. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನೋಡು.

ಹೇಮಾವತಿ ದಂಡೆ:

ನಾನು ಇಪ್ಪತ್ತು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ನಿನ್ನ ಅಮ್ಮ ಓಲೆ ಬಿಚ್ಚಿದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ ಮಗಳೇ.

ಬಾಕಿ ಕಟ್ಟಲಿಲ್ಲ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗ ಇದನ್ನು ಬಾಯಿಬಿಟ್ಟು ಬರೆದಿದ್ದಾರೆ. ರೋಗಿ ತೀರಿಕೊಂಡರೆ ಬಿಲ್ಲಿಗೆ ಕಾಯದೆ ದೇಹವನ್ನು ಮನೆಯವರಿಗೆ ಒಪ್ಪಿಸಬೇಕು. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಲಿ. ಅಂದರೆ ಬಾಕಿ ಮನ್ನಾ ಅಂತಲ್ಲ. ಹೆಣ ಒತ್ತೆ ಇಟ್ಟುಕೊಳ್ಳಬಾರದು ಅಂತ. ಇಂಥ ಹೊತ್ತಿನಲ್ಲಿ ಕೌಂಟರಿನಲ್ಲಿ ಕೂತ ಹುಡುಗನ ಜೊತೆ ಜಗಳ ಮಾಡಿ ಉಪಯೋಗವಿಲ್ಲ. ಆಡಳಿತ ನೋಡುವವರನ್ನು ಕರೆಸಿ, ಕಾಯ್ದೆಯ ಹೆಸರು ಹೇಳಿ, ಕೊಡುವುದಿಲ್ಲ ಅಂತ ಬರೆದುಕೊಡಿ ಅನ್ನಬೇಕು. ಬರೆದುಕೊಡುವುದಿಲ್ಲ ಯಾರೂ. ಆಗಲೂ ಬಿಡದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್, ಇಲ್ಲ 112.

ನಿನಗೆ ಈಗ ಇದು ತಡವಾಯಿತು. ಆದರೂ ಬಿಲ್ಲಿನ ವಿವರ ಕೇಳಿ ಪಡೆದುಕೋ. ಬಿಪಿಎಲ್ ಕಾರ್ಡು ಇದ್ದೂ ಸರ್ಕಾರದ ಚಿಕಿತ್ಸಾ ಯೋಜನೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಯಾಕೆ ಸೇರಿಸಲಿಲ್ಲ ಅಂತ ಒಂದು ದೂರು ಬರೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡು. ದುಡ್ಡು ತಿರುಗಿ ಬರುತ್ತದೆ ಅಂತ ಹೇಳಲಾರೆ. ಮುಂದೆ ಇನ್ನೊಬ್ಬ ಹೆಂಗಸು ಅದೇ ಬೆಂಚಿನ ಮೇಲೆ ಕೂರಬಾರದಲ್ವಾ.

ಮೂಡಿಗೆರೆ ಮಳೆ:

ನಿಮ್ಮ ಇಎಸ್ಐ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಎಸ್ಐನಲ್ಲಿ ಅಂತ್ಯಕ್ರಿಯೆಗೆ 15,000 ಇದೆ. ಆದರೆ ಅದು ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರು ಸತ್ತರೆ ಮಾತ್ರ. ಮನೆಯವರು ಸತ್ತರೆ ಇಲ್ಲ. ಹಾಗಾಗಿ ನಿಮ್ಮ ಕಾರ್ಡಿನಿಂದ ಅಪ್ಪನಿಗೆ ಬರುವುದಿಲ್ಲ. ನಿಮ್ಮ ಫ್ಯಾಕ್ಟರಿಯಲ್ಲಿ ಯಾರಿಗಾದರೂ ಹಾಗೆ ಆದರೆ ಮನೆಯವರಿಗೆ ಹೇಳಿ, ಮೂರು ತಿಂಗಳೊಳಗೆ ಕೇಳಬೇಕು.

ನಮ್ಮ ಕಡೆಯ ಕಥೆ ಬೇರೆ. ನನ್ನ ತಾಯಿ ಕಾಫಿ ತೋಟದ ಲೈನ್ ಮನೆಯಲ್ಲೇ (ಕೂಲಿಯವರ ಸಾಲು ಮನೆ) ಬದುಕಿ ಅಲ್ಲೇ ತೀರಿಕೊಂಡರು. ಆಷಾಢದ ಮಳೆ. ನಮ್ಮಲ್ಲಿ ಸುಡುವ ಪದ್ಧತಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಹೆಣ ಸುಡುವುದು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಗೊತ್ತಾಗುವುದು ಕಷ್ಟ. ಸಿಲ್ವರ್ ಓಕ್ ಸೌದೆ ಒಳಗೆಲ್ಲ ನೀರು ಕುಡಿದಿತ್ತು. ಹೊಗೆ ಬಿಟ್ಟರೆ ಬೆಂಕಿ ಇಲ್ಲ. ಪಕ್ಕದ ಲೈನಿನವರು ತಮ್ಮ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಸೌದೆಯನ್ನು ತಲೆಗೆ ಗೊಬ್ಬರದ ಚೀಲ ಹಾಕಿಕೊಂಡು ಹೊತ್ತು ತಂದರು. ಮಳೆಗಾಲಕ್ಕೆ ಅಂತ ಕೂಡಿಟ್ಟುಕೊಂಡಿದ್ದು ಅದು, ಅವರ ಅಡುಗೆಗೆ. ನಾಲ್ಕು ಜನ ಮೇಲೆ ತಗಡು ಹಿಡಿದು ನಿಂತರು. ಸಕ್ಕರೆ, ತುಪ್ಪ ಎಷ್ಟು ಸುರಿದೆವೋ ಲೆಕ್ಕ ಇಲ್ಲ. ರಾತ್ರಿ ಎಂಟಕ್ಕೆ ಹತ್ತಿಕೊಂಡಿತು. ಸ್ಮಶಾನಕ್ಕೆ ಒಂದು ಸೂರು ಹಾಕಿಸಿ ಅಂತ ಪಂಚಾಯಿತಿಗೆ ಆವತ್ತಿನಿಂದ ಕೇಳುತ್ತಾ ಇದ್ದೇನೆ. ನನ್ನ ಪ್ರಕಾರ ಬಡವರಿಗೆ ಅಂತ್ಯಕ್ರಿಯೆಯ ಸಹಾಯ ಅಂದರೆ ಅದೂ ಸೇರಬೇಕು. ಒಂದು ಸೂರು, ಒಣಗಿದ ಸೌದೆ.

ತೋಟದವರು ಯಾರಾದರೂ ಇದನ್ನು ಓದಿದರೆ: ಹಾಜರಿ ಪುಸ್ತಕದಲ್ಲಿ ಹೆಸರು ಇದ್ದು ಪಿಎಫ್ ಹಿಡಿಯುತ್ತಿದ್ದರೆ, ಕೆಲಸದಲ್ಲಿ ಇರುವಾಗಲೇ ತೀರಿಕೊಂಡವರ ಮನೆಯವರಿಗೆ ಪಿಎಫ್ ದುಡ್ಡಿನ ಜೊತೆಗೆ ವಿಮೆ ಬೇರೆ ಇದೆ, 7 ಲಕ್ಷದವರೆಗೆ. ನಮಗೆ ಅದನ್ನು ತೋಟದ ಲೆಕ್ಕ ಬರೆಯುವ ರೈಟರು ಹೇಳಿದ್ದು ತಾಯಿ ಹೋಗಿ ಎಂಟು ತಿಂಗಳಿಗೆ. ಕಾರ್ಮಿಕ ಕಲ್ಯಾಣ ಮಂಡಳಿಗೆ ಅಂತ ವರ್ಷಕ್ಕೊಮ್ಮೆ ಸಂಬಳದಲ್ಲಿ ವಂತಿಗೆ ಹಿಡಿಯುತ್ತಾರಲ್ಲ, ಅಲ್ಲೂ ಅಂತ್ಯಸಂಸ್ಕಾರದ ಸಹಾಯ ಇದೆ. ಅದಕ್ಕೆ ಆರು ತಿಂಗಳ ಗಡುವು. ನಾವು ಕೇಳುವ ಹೊತ್ತಿಗೆ ದಾಟಿತ್ತು.

ಹಗರೆ ಮಗಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಅವರು ಸಾವಿನ ವಿವರ ಕಳಿಸಿದ್ದಾರೆ, ಆದರೆ ಅಪ್ಪನ ಹೆಸರಿಗೆ "ಪ್ಪ" ಹಾಕಿದ್ದರು. ಪ್ರಮಾಣಪತ್ರ ಇನ್ನೂ ಆಗಿರಲಿಲ್ಲ. ಆಧಾರ್ ಜೆರಾಕ್ಸ್ ಕೊಟ್ಟು ತಿದ್ದುಪಡಿ ಬರೆಸಿ ಸೀಲು ಹಾಕಿಸಿಕೊಂಡೆ. ಅದನ್ನು ಹಿಡಿದು ನೋಂದಣಿ ಕಚೇರಿಗೆ ಹೋಗಿ ಕೊಟ್ಟು ಬಂದೆ. ಇನ್ನು ಮೂರು ದಿನಕ್ಕೆ ಬರಬಹುದು ಅಂದರು.

ರಾತ್ರಿ ಅಪ್ಪನ ತಗಡಿನ ಪೆಟ್ಟಿಗೆ ತೆಗೆದೆವು. ಇಷ್ಟು ದಿನ ಯಾರಿಗೂ ಮುಟ್ಟುವ ಧೈರ್ಯ ಬಂದಿರಲಿಲ್ಲ. ಮೇಲೆ ಕರಣೆ ಇತ್ತು, ಸಿಮೆಂಟು ಮೆತ್ತಿದ್ದು ಹಾಗೇ ಗಟ್ಟಿಯಾಗಿತ್ತು. ಅಪ್ಪ ಯಾವತ್ತೂ ಕರಣೆ ತೊಳೆಯದೆ ಇಟ್ಟವರಲ್ಲ. ಅವತ್ತು ಜೊತೆಯವರು ತಂದುಕೊಟ್ಟಿದ್ದನ್ನು ಅಮ್ಮ ಹಾಗೇ ಇಟ್ಟಿದ್ದಾಳೆ. ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಲೇಬರ್ ಕಾರ್ಡು ಸಿಕ್ಕಿತು. ಚಾಲ್ತಿಯಲ್ಲಿದೆ, ಇನ್ನೂ ಒಂದೂವರೆ ವರ್ಷ ಇದೆ. ನಾಮಿನಿ ಅಮ್ಮ.

ಪಾಸ್‌ಬುಕ್ಕೂ ಸಿಕ್ಕಿತು. ಹಳೇ ಎಂಟ್ರಿಗಳಲ್ಲಿ ವರ್ಷ ವರ್ಷವೂ ಮೇ ತಿಂಗಳಲ್ಲಿ ಒಂದು ಕಡಿತ. ಮೊದಲು 330, ಆಮೇಲೆ 436. ಈ ವರ್ಷದ್ದು ಎಂಟ್ರಿ ಆಗಿಲ್ಲ. ಅಪ್ಪ ಇದರ ಬಗ್ಗೆ ಏನೂ ಹೇಳಿರಲಿಲ್ಲ. "ಬ್ಯಾಂಕಿನವರು ಸುಮ್ನೆ ದುಡ್ಡು ಹಿಡೀತಾರೆ" ಅಂತ ಒಂದು ಸಲ ಬೈದುಕೊಂಡಿದ್ದು ನೆನಪಿದೆ. ಅಣ್ಣ, ಏನಿದು?

ಅರಕಲಗೂಡು ಗ್ರಾಮ ಒನ್:

ತಂಗಿ, ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ವರ್ಷಕ್ಕೆ 436, 2022ಕ್ಕೆ ಮೊದಲು 330. ಯಾವ ಕಾರಣದಿಂದ ಸತ್ತರೂ ನಾಮಿನಿಗೆ 2 ಲಕ್ಷ. 50 ವರ್ಷದೊಳಗೆ ಸೇರಿದವರಿಗೆ 55ರವರೆಗೆ ನಡೆಯುತ್ತದೆ, ನಿಮ್ಮಪ್ಪನಿಗೆ 53. ಜೂನ್ 1ರಿಂದ ಮುಂದಿನ ಮೇ 31ರವರೆಗೆ ಒಂದು ವರ್ಷದ ಲೆಕ್ಕ. ಈ ಮೇ ತಿಂಗಳಲ್ಲಿ ಕಡಿತ ಆಗಿರಬೇಕು, ಅದೇ ಮುಖ್ಯ. ಖಾತೆಯಲ್ಲಿ ದುಡ್ಡಿಲ್ಲದೆ ಕಡಿತ ಆಗದಿದ್ದರೆ ವಿಮೆ ನಿಂತಿರುತ್ತದೆ. ಬೆಳಿಗ್ಗೆ ಬ್ಯಾಂಕು ತೆಗೆಯುತ್ತಲೇ ಎಂಟ್ರಿ ಹಾಕಿಸು.

ಅದರ ಪಕ್ಕದಲ್ಲಿ 20 ರೂಪಾಯಿ ಕಡಿತ ಕಂಡರೆ ಅದು ಅಪಘಾತಕ್ಕೆ ಮಾತ್ರ, ಎದೆನೋವಿಗೆ ಬರುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಹಮಾಲಿ, ಟೈಲರ್, ಮನೆಗೆಲಸ, ಕ್ಷೌರ, ಮೆಕ್ಯಾನಿಕ್, ಇಂಥ ಕೆಲಸದವರು ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅನ್ನುವ ಯೋಜನೆಯಲ್ಲಿ ಹೆಸರು ಬರೆಸಿಕೊಳ್ಳಿ. ಸಹಜವಾಗಿ ತೀರಿಕೊಂಡರೆ ಅಂತ್ಯಕ್ರಿಯೆಗೆ 10,000, ಅಪಘಾತವಾದರೆ 1 ಲಕ್ಷ. ಬದುಕಿರುವಾಗ ಬರೆಸಿದರೆ ಮಾತ್ರ. ಸತ್ತ ಮೇಲೆ ಕಾರ್ಡು ಮಾಡಿಸಿಕೊಡಿ ಅಂತ ನನ್ನ ಹತ್ತಿರ ಬಂದವರನ್ನು ಬರಿಗೈಯಲ್ಲಿ ಕಳಿಸಿದ್ದೇನೆ. ಆ ಮುಖಗಳು ಈಗಲೂ ಕಣ್ಣ ಮುಂದಿವೆ.

ಹಗರೆ ಮಗಳು:

ಅಣ್ಣ, ಎಂಟ್ರಿ ಆಯಿತು. ಮೇ 28ಕ್ಕೆ 436 ಹೋಗಿದೆ. ಹೋದ ಮೇಲೆ ಖಾತೆಯಲ್ಲಿ ಉಳಿದಿದ್ದು 112 ರೂಪಾಯಿ. ಬ್ಯಾಂಕಿನವರೇ ಅರ್ಜಿ ಕೊಟ್ಟರು, ತುಂಬಿಯೂ ಕೊಟ್ಟರು. ಮರಣ ಪ್ರಮಾಣಪತ್ರ ಬಂದ ದಿನ ತಂದುಕೊಡಿ ಅಂದಿದ್ದಾರೆ. ಅಮ್ಮ ಅಲ್ಲೇ ಅತ್ತುಬಿಟ್ಟಳು. ಅಪ್ಪ ಆ ದುಡ್ಡಿಗೆ ಬೈದುಕೊಂಡಿದ್ದನ್ನು ನೆನೆಸಿಕೊಂಡು.

ನಾಡಿದ್ದು ಪ್ರಮಾಣಪತ್ರ ತೆಗೆದುಕೊಂಡು ಹಾಸನದ ಲೇಬರ್ ಆಫೀಸಿಗೂ ಹೋಗುತ್ತೇನೆ. ಅಮ್ಮನೂ ಬರಬೇಕಾ? ಬಸ್ಸಿನಲ್ಲಿ ಅವಳಿಗೆ ತಲೆ ಸುತ್ತುತ್ತದೆ.

ಅರಕಲಗೂಡು ಗ್ರಾಮ ಒನ್:

ಬರಲಿ ತಂಗಿ, ನಾಮಿನಿ ಅವರೇ. ಹೆಬ್ಬೆಟ್ಟೋ ಸಹಿಯೋ ಬೇಕಾಗುತ್ತದೆ, ಆಧಾರಿಗೆ ಜೋಡಿಸಿದ ಫೋನೂ ಇರಲಿ. ಮುಂದಿನ ಸೀಟಿನಲ್ಲಿ ಕೂರಿಸು. ಫೋಟೋ ನಾಲ್ಕು ಇಟ್ಟುಕೋ.